ಬೀಗರ ರಾಶಿ

ಚಳ್ಳಕೆರೆಯ ಎಪಿಎಂಸಿ ಯಾರ್ಡಿನಲ್ಲಿ ಸೋಮಶೇಖರಪ್ಪನವರು ಶೇಂಗಾ ಕೊಳ್ಳುವುದನ್ನು ಮೊದಲ ಸಲ ನೋಡಿದವರಿಗೆ, ಈ ಮನುಷ್ಯ ವ್ಯಾಪಾರಕ್ಕೆ ಬಂದಿದ್ದಾನೋ ಜಗಳಕ್ಕೆ ಬಂದಿದ್ದಾನೋ ಎಂದು ಅನುಮಾನ ಬರುತ್ತಿತ್ತು. ಮಂಡಿಯ ಮುಂದೆ ಸುರಿದ ರಾಶಿಯ ಹತ್ತಿರ ಬರುವರು. ರೈತನ ಮುಖ ನೋಡುವುದಿಲ್ಲ, ನಮಸ್ಕಾರವಿಲ್ಲ, ಊರು ಯಾವುದೆಂದು ಕೇಳುವುದಿಲ್ಲ. ಬಲಗೈ ತೋಳನ್ನು ಮೊಣಕೈ ಮೇಲಕ್ಕೆ ಮಡಚಿ, ಕುಕ್ಕರಗಾಲಲ್ಲಿ ಕೂತು, ರಾಶಿಯೊಳಗೆ ಕೈ ತೂರಿಸಿಬಿಡುವರು. ತಳದಿಂದ ಒಂದು ಹಿಡಿ ತೆಗೆದು, ಹತ್ತು ಕಾಯಿ ಸುಲಿದು, ಬೀಜದ ಮೇಲಿನ ಕೆಂಪು ಸಿಪ್ಪೆಯನ್ನು ಹೆಬ್ಬೆರಳಿನಲ್ಲಿ ಉಜ್ಜುವರು. ಒಣಗಿದ್ದರೆ ಸಿಪ್ಪೆ ಹಾರಿಹೋಗುತ್ತದೆ, ಹಸಿಯಿದ್ದರೆ ಅಂಟಿಕೊಂಡೇ ಇರುತ್ತದೆ. ಆಮೇಲೆ ಎರಡು ಬೀಜ ಬಾಯಿಗೆ. ಅಗಿದು, ಉಗಿದು, ಚೀಟಿಯಲ್ಲಿ ದರ ಬರೆದು ಮಡಚಿ ಮಂಡಿಯವರ ಡಬ್ಬಿಗೆ ಹಾಕಿ ಮುಂದಿನ ರಾಶಿಗೆ ಹೊರಟುಬಿಡುವರು. ಟೆಂಡರ್ ಮುಗಿಯುವವರೆಗೆ ಯಾರು ಕೊಟ್ಟರೂ ಟೀ ಕುಡಿಯುತ್ತಿರಲಿಲ್ಲ. ಮನೆಯಿಂದ ತಂದ ಮಜ್ಜಿಗೆ ಬಾಟಲಿ ಇರುತ್ತಿತ್ತು.

ನಾನು ಹಾಲೇಶಪ್ಪ, ಅವರು ಖರೀದಿದಾರರಾಗಿದ್ದ ಎಣ್ಣೆ ಮಿಲ್ಲಿನಲ್ಲೇ ಗುಮಾಸ್ತ. ಅವರು ಕೊಂಡ ಮಾಲನ್ನು ತೂಗಿಸಿ, ಚೀಲ ತುಂಬಿಸಿ, ಲಾರಿಯಲ್ಲಿ ಕೂತು ಗೋದಾಮಿಗೆ ತಂದು ಇಳಿಸಿಕೊಳ್ಳುವುದು ನನ್ನ ಕೆಲಸ. ಹದಿನಾರು ವರ್ಷ ಅವರ ಬೆನ್ನಹಿಂದೆ ಓಡಾಡಿದ್ದೇನೆ. ಅಷ್ಟು ವರ್ಷದಲ್ಲಿ ಅವರು ನನ್ನ ಜೊತೆ ಆಡಿದ ಒಳ್ಳೆಯ ಮಾತುಗಳನ್ನು ಬೆರಳಲ್ಲಿ ಎಣಿಸಬಹುದು. "ಲೇ ಹಾಲೇಶ, ಕಣ್ಣು ಮನಿಯಾಗಿಟ್ಟು ಬಂದೀಯೇನೋ?" ಎನ್ನುವುದೇ ಬೆಳಗಿನ ನಮಸ್ಕಾರ. ಆದರೂ ಈ ಊರಿನಲ್ಲಿ ನನಗೆ ಯಾರಾದರೂ ಕೆಲಸ ಕಲಿಸಿದ್ದರೆ ಅದು ಅವರೇ.

ಕೊಳ್ಳುವುದೆಂದರೆ ದರ ಇಳಿಸುವುದು ಎಂದು ನಾನು ತಿಳಿದಿದ್ದೆ. ಅವರು ಹಾಗಲ್ಲ. ಬೆಳಿಗ್ಗೆ ಯಾರ್ಡಿಗೆ ಹೋಗುವ ಮೊದಲು ಗೋದಾಮಿಗೆ ಹೋಗಿ, ಎಷ್ಟು ಚೀಲ ಉಳಿದಿದೆ, ಮೆಷಿನ್ನು ದಿನಕ್ಕೆ ಎಷ್ಟು ತಿನ್ನುತ್ತದೆ, ಇನ್ನೆಷ್ಟು ದಿನ ಬರುತ್ತದೆ ಎಂದು ನೋಡಿಕೊಳ್ಳುತ್ತಿದ್ದರು. "ಎರಡೇ ದಿನದ ಮಾಲಿಟ್ಕಂಡು ಯಾರ್ಡಿಗೆ ಹೋದ್ರೆ ಅವಸರ ಮುಖದ ಮ್ಯಾಲೆ ಕಾಣ್ತೈತೆ. ದಲಾಲಿ ಅದನ್ನ ಪೇಪರ್ ಓದ್ದಂಗೆ ಓದ್ತಾನೆ" ಎನ್ನುವರು. ಒಂದೇ ಸೀಮೆಯ ಮಾಲನ್ನು ನಂಬಿ ಕೂರುತ್ತಿರಲಿಲ್ಲ. ಪರಶುರಾಂಪುರದ ಕಡೆಯದು ಸ್ವಲ್ಪ, ನಾಯಕನಹಟ್ಟಿಯ ಕಡೆಯದು ಸ್ವಲ್ಪ, ಮೊಳಕಾಲ್ಮೂರು ತಾಲ್ಲೂಕಿನದು ಸ್ವಲ್ಪ. ಅಗ್ಗದ ರಾಶಿ ಬಿಟ್ಟು ಕ್ವಿಂಟಾಲಿಗೆ ಐವತ್ತು ರೂಪಾಯಿ ಹೆಚ್ಚಿನದನ್ನು ಕೊಂಡು ಬಂದ ದಿನ ನಾನು ಮುಖ ಸಿಂಡರಿಸಿದರೆ, ನೂರು ಗ್ರಾಂ ಕಾಯಿ ಸುಲಿಸಿ ಬೀಜ ತೂಗಿಸುತ್ತಿದ್ದರು. ಅಗ್ಗದ ಕಾಯಲ್ಲಿ ಅರವತ್ತೆರಡು ಗ್ರಾಂ ಬೀಜ, ಇದರಲ್ಲಿ ಎಪ್ಪತ್ತು. ನಾವು ಸಿಪ್ಪೆಯನ್ನು ಅರೆಯುವುದಿಲ್ಲ ಎಂಬುದು ನನ್ನ ದಪ್ಪ ತಲೆಗೆ ಹೋಗಬೇಕಾದರೆ ಎರಡು ಸೀಸನ್ ಬೇಕಾಯಿತು.

ಮಿಲ್ಲಿನ ಹಿರಿಯ ಯಜಮಾನರು ತೀರಿಕೊಂಡ ಮೇಲೆ ಮಗ ಅಮರೇಶ್ ಬಂದರು. ದಾವಣಗೆರೆಯಲ್ಲಿ ಬಿ.ಕಾಂ. ಮಾಡಿದವರು. ಆಗ ಹೊರದೇಶದ ಪಾಮ್ ಎಣ್ಣೆ ಬಂದು ಶೇಂಗಾ ಎಣ್ಣೆಯ ಕತ್ತು ಹಿಸುಕುತ್ತಿದ್ದ ಕಾಲ. ಊರಿನ ಒಂದೊಂದೇ ಮಿಲ್ಲಿನ ಚಿಮಣಿಯಲ್ಲಿ ಹೊಗೆ ನಿಲ್ಲುತ್ತಿತ್ತು. ನಾವು ಖರ್ಚು ಮಾಡುವ ನೂರು ರೂಪಾಯಿಯಲ್ಲಿ ಎಂಬತ್ತೈದು ಶೇಂಗಾ ಕೊಳ್ಳುವುದಕ್ಕೇ ಹೋಗುತ್ತದೆ, ಉಳಿಯುವುದಿದ್ದರೆ ಅಲ್ಲೇ ಉಳಿಯಬೇಕು ಎಂದು ಅಮರೇಶ್ ಹೊಸ ಕಟ್ಟಳೆ ತಂದರು. ಕೊಳ್ಳುವವನು ಒಬ್ಬ, ಇಳಿಸಿಕೊಳ್ಳುವವನು ಇನ್ನೊಬ್ಬ, ದುಡ್ಡು ಕೊಡುವವನು ಮತ್ತೊಬ್ಬ. ಪ್ರತಿ ರಾಶಿಯಿಂದ ಒಂದು ಸೇರು ಮಾದರಿಯನ್ನು ಸಣ್ಣ ಬಟ್ಟೆಚೀಲದಲ್ಲಿ ಕಟ್ಟಿ, ಚೀಟಿ ಹಾಕಿ, ಆ ಮಾಲು ಅರೆದು ಮುಗಿಯುವವರೆಗೆ ಆಫೀಸಿನ ಬೀರುವಿನಲ್ಲಿ ಇಡಬೇಕು. ಕೊಂಡವರು ಸೋಮಶೇಖರಪ್ಪ, ಇಳಿಸಿಕೊಂಡು ಚೀಟಿ ಬರೆಯುವವನು ನಾನು, ದುಡ್ಡು ಕೊಡುವವರು ಅಮರೇಶ್. ಒಬ್ಬನ ತಪ್ಪು ಇನ್ನೊಬ್ಬನ ಕಣ್ಣಿಗೆ ಬೀಳಲಿ ಎಂದು ಮಾಡಿದ ಏರ್ಪಾಡು. ಒಳ್ಳೆಯದೇ. ಸೋಮಶೇಖರಪ್ಪನವರು ಮಾತ್ರ, "ನನ್ನ ಹಿಂದೆ ಈ ಹಾಲೇಶನ್ನ ಕಾವಲಿಟ್ರಾ? ಆಯ್ತು ಬಿಡ್ರಿ" ಎಂದು ನನ್ನ ಕಡೆ ನೋಡಿ ನಕ್ಕಿದ್ದರು.

ತೊಂಬತ್ತೇಳರ ಏಪ್ರಿಲ್‌ನಲ್ಲಿ ಅವರ ಒಬ್ಬಳೇ ಮಗಳು ವಾಣಿಶ್ರೀಯ ಮದುವೆಯಾಯಿತು. ಗಂಡಿನ ಕಡೆಯವರು ಮೊಳಕಾಲ್ಮೂರು ತಾಲ್ಲೂಕಿನ ಬಿ.ಜಿ. ಕೆರೆಯವರು. ಮಾವ ದೊಡ್ಡೀರಪ್ಪ ನಲವತ್ತು ಎಕರೆಯ ಆಸಾಮಿ, ಎತ್ತರದ ಆಳು, ಮಾತು ಕಡಿಮೆ, ಮೀಸೆ ಜಾಸ್ತಿ. ಅಳಿಯ ವೀರೇಶ್ ಸಾಧು ಹುಡುಗ. ಅಪ್ಪ ಕೆಮ್ಮಿದರೆ ಎದ್ದು ನಿಲ್ಲುತ್ತಿದ್ದ. ಮದುವೆ ಆರು ತಿಂಗಳು ಮಾತುಕತೆಯಾಗಿ, ಎರಡು ಸಲ ಮುರಿದು, ಮೂರನೇ ಸಲ ಕೂಡಿದ ಸಂಬಂಧ. ಹೆಣ್ಣು ಕೊಟ್ಟವರು ಬಗ್ಗಿ ನಡೆಯಬೇಕೆಂಬುದು ನಮ್ಮ ಕಡೆ ಯಾರೂ ಬರೆದಿಟ್ಟ ಕಾನೂನಲ್ಲ, ಆದರೆ ಎಲ್ಲರಿಗೂ ಬಾಯಿಪಾಠ.

ಆ ವರ್ಷ ನವೆಂಬರಿನಲ್ಲಿ ದೊಡ್ಡೀರಪ್ಪ ಎರಡು ಟ್ರ್ಯಾಕ್ಟರ್ ಶೇಂಗಾ ತಂದು ಯಾರ್ಡಿನಲ್ಲಿ ಸುರಿದರು. ಕಿತ್ತು ಒಟ್ಟಿದ ಮೇಲೆ ಮಳೆ ಬಿದ್ದಿದ್ದ ವರ್ಷ ಅದು. ಎಲ್ಲ ರಾಶಿಗಳ ಮೇಲೂ ಅನುಮಾನವಿತ್ತು. ಸೋಮಶೇಖರಪ್ಪನವರು ಬೆಳಿಗ್ಗೆಯಿಂದ ಮೊಣಕೈವರೆಗೆ ಕೆಮ್ಮಣ್ಣು ಮಾಡಿಕೊಂಡು ಹದಿನೆಂಟು ರಾಶಿ ನೋಡಿದ್ದರು. ಹತ್ತೊಂಬತ್ತನೆಯದು ಬೀಗರದು.

"ಬೀಗ್ರೇ, ಮಾಲು ನೋಡ್ರಿ" ಎಂದರು ದೊಡ್ಡೀರಪ್ಪ. ಹೇಳಿದ್ದು ಬಾಯಿ. ಕೈ ಎದೆಯ ಮೇಲೆ ಕಟ್ಟಿಕೊಂಡೇ ಇತ್ತು. ಸುತ್ತ ಬಿ.ಜಿ. ಕೆರೆಯ ಏಳೆಂಟು ಜನ ನಿಂತಿದ್ದರು.

ನಾನು ಸೋಮಶೇಖರಪ್ಪನವರ ತೋಳನ್ನೇ ನೋಡುತ್ತಿದ್ದೆ. ಮಡಚಿದ್ದ ತೋಳನ್ನು ಅವರು ಇಳಿಸಿ ಗುಂಡಿ ಹಾಕಿಕೊಂಡರು. ರಾಶಿಯ ಮೇಲಿನಿಂದ ನಾಲ್ಕು ಕಾಯಿ ತೆಗೆದುಕೊಂಡು, ಒಂದನ್ನು ಸುಲಿದು ಬಾಯಿಗೆ ಹಾಕಿಕೊಂಡು, "ನಿಮ್ಮ ಮಾಲು ನೋಡೋದೇನೈತ್ರಿ ಬೀಗ್ರೇ" ಎಂದರು. ಬೀಗರ ರಾಶಿಗೆ ಕೈ ಹಾಕಿದರೆ ಬೀಗರ ಮಾತಿಗೇ ಕೈ ಹಾಕಿದ ಹಾಗೆ. ಅವರ ಊರಿನವರ ಮುಂದೆ, ಅದೂ ಮದುವೆಯಾದ ಮೊದಲ ವರ್ಷ, ಯಾವ ಗಂಡಸು ಹಾಗೆ ಮಾಡಿಯಾನು? ನಾನಾಗಿದ್ದರೂ ಮಾಡುತ್ತಿರಲಿಲ್ಲ. ಅವರು ಒಳ್ಳೆಯ ದರವನ್ನೇ ಬರೆದರು. ಟೆಂಡರ್ ನಮಗೇ ಆಯಿತು.

ಮಧ್ಯಾಹ್ನ ಚೀಲ ತುಂಬುವಾಗ ಹಮಾಲಿಯೊಬ್ಬ ಬುಟ್ಟಿ ಹಿಡಿದು ನಿಂತುಬಿಟ್ಟ. "ಸಾಮಿ, ತಳದಾಗೆ ತೇವ ಐತೆ. ಮುಗ್ಗಲು ನಾತ ಬರ್ತೈತೆ" ಎಂದ. ಸೋಮಶೇಖರಪ್ಪನವರು ಅಲ್ಲೇ ಇದ್ದರು. ದೊಡ್ಡೀರಪ್ಪ ಮಂಡಿಯ ಜಗಲಿಯ ಮೇಲೆ ಟೀ ಕುಡಿಯುತ್ತಿದ್ದರು. ಸೋಮಶೇಖರಪ್ಪನವರು ನನ್ನ ಕಡೆ ನೋಡಿದರು, ನಾನು ಅವರ ಕಡೆ ನೋಡಿದೆ. "ತುಂಬ್ರಪ್ಪ, ತುಂಬ್ರಿ. ಗಾಳಿಗೆ ಆರ್ತೈತೆ" ಎಂದು ಅವರು ಬೇರೆ ಕಡೆ ತಿರುಗಿದರು.

ಮಾದರಿ ಚೀಲ ಕಟ್ಟಬೇಕಾದವನು ನಾನು. ತಳದಿಂದ ತೆಗೆಯಬಹುದಾಗಿತ್ತು. ಮೇಲಿನಿಂದ ತೆಗೆದಿಟ್ಟಿದ್ದ ಒಣ ಕಾಯಿಯನ್ನೇ ಕಟ್ಟಿ, ಚೀಟಿಯ ಮೇಲೆ 'ಒಣ ಮಾಲು' ಎಂದು ಬರೆದೆ. ನನಗೆ ಯಾರೂ ಹಾಗೆ ಬರೆ ಎಂದು ಹೇಳಲಿಲ್ಲ.

ಮೂರು ವಾರದ ಮೇಲೆ ಆ ರಾಶಿಯ ಚೀಲಗಳು ಮೆಷಿನ್ನಿಗೆ ಬಂದವು. ಮಾಲು ಗೋದಾಮಿನಲ್ಲಿ ಆರಿರಲಿಲ್ಲ, ಇನ್ನೂ ಕೆಟ್ಟಿತ್ತು. ಬೀಜದ ಮೇಲೆ ಬೂದು ಬೂಷ್ಟು. ಅದು ಕಣ್ಣಿಗೆ ಬೀಳುವಷ್ಟರಲ್ಲಿ ಬೇರೆ ಒಳ್ಳೆಯ ಮಾಲಿನ ಜೊತೆ ಸೇರಿ ಒಂದು ಟ್ಯಾಂಕರ್ ಎಣ್ಣೆ ಹೊರಟುಹೋಗಿತ್ತು. ವಾಸನೆಯೆಂದು, ಆಮ್ಲ ಜಾಸ್ತಿಯೆಂದು ಕೊಂಡ ಕಂಪನಿಯವರು ಟ್ಯಾಂಕರನ್ನು ಹಾಗೇ ವಾಪಸ್ ಕಳಿಸಿದರು. ಜೊತೆಗೆ ಇನ್ನು ಮುಂದೆ ನಿಮ್ಮ ಎಣ್ಣೆ ಬೇಡವೆಂಬ ಕಾಗದ.

ಅಮರೇಶ್ ಕೂಗಾಡುವ ಮನುಷ್ಯನಲ್ಲ. ಬೀರು ತೆಗೆಸಿ ಮಾದರಿ ಚೀಲಗಳನ್ನು ಒಂದೊಂದಾಗಿ ಮೇಜಿನ ಮೇಲೆ ಬಿಚ್ಚಿಸಿದರು. ಬೀಗರ ಚೀಲದ ಕಾಯಿ ಗಲಗಲ ಅನ್ನುತ್ತಿತ್ತು. ಬಂದಾಗ ಒಣಗಿದ್ದ ಮಾಲು ಈಗ ಬೂಷ್ಟು ಹಿಡಿದಿದೆ ಎಂದರೆ ಹಾಳಾಗಿದ್ದು ಗೋದಾಮಿನಲ್ಲೇ ಎಂದು ಅವರು ತೀರ್ಮಾನಿಸಿದರು. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಗೋದಾಮಿನ ಕೀಲಿ ಇದ್ದದ್ದು ಮೂಗಮ್ಮನ ಸೊಂಟದಲ್ಲಿ.

ಮೂಗಮ್ಮ ಹತ್ತೊಂಬತ್ತು ವರ್ಷದಿಂದ ಗೋದಾಮು ಗುಡಿಸಿ, ಇಲಿ ಓಡಿಸಿ, ಕಿಟಕಿ ಬಾಗಿಲು ನೋಡಿಕೊಂಡಿದ್ದ ಹೆಂಗಸು. ಗಂಡ ಸತ್ತಿದ್ದ, ಮಗ ಎಲ್ಲೋ ಇದ್ದ. ಆ ಮೂರು ವಾರದ ನಡುವೆ ಮಳೆ ಬಿದ್ದ ದಿನ ಹಿಂದಿನ ಕಿಟಕಿ ತೆಗೆದಿಟ್ಟು ನೀರು ಬಿಟ್ಟುಕೊಂಡಿದ್ದಾಳೆ ಎಂದು ಅವಳನ್ನು ಆಫೀಸಿಗೆ ಕರೆಸಿದರು. "ನಾನು ಕಿಟಕಿ ಹಾಕಿದ್ದೆ ಸಾಮಿ. ಮಳಿ ಹನಿ ಬೀಳೋಕ್ ಮುಂಚೇನೇ ಹಾಕಿದ್ದೆ. ಗ್ವಾಡೆ ನೋಡ್ರಿ ಬೇಕಾದ್ರೆ, ನೀರು ಇಳಿದಿದ್ರೆ ಕಲೆ ಇರಬೇಕಲ್ಲ" ಎಂದಳು. ಅಷ್ಟು ಸರಿಯಾದ ಮಾತನ್ನು ಆ ಕೋಣೆಯಲ್ಲಿ ಬೇರೆ ಯಾರೂ ಆಡಲಿಲ್ಲ. ಸೋಮಶೇಖರಪ್ಪನವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ನಾನು ರಿಜಿಸ್ಟರ್ ನೋಡುತ್ತಿದ್ದೆ. ಅಮರೇಶ್ ಅವಳ ಸಂಬಳ ಚುಕ್ತಾ ಮಾಡಿಸಿ ಕೀಲಿ ಇಸಕೊಂಡರು.

ಆ ದಿನದಿಂದ ಸೋಮಶೇಖರಪ್ಪನವರು ಕುಗ್ಗಿಹೋದರು. ನನ್ನನ್ನು ಬೈಯುವುದನ್ನು ಬಿಟ್ಟರು. ಬೈಯದ ಸೋಮಶೇಖರಪ್ಪ ಎಂದರೆ ನನಗೆ ಭಯವಾಗುತ್ತಿತ್ತು. ಯಾರ್ಡಿನಲ್ಲಿ ಒಂದೇ ರಾಶಿಗೆ ಎರಡೆರಡು ಸಲ ಕೈ ಹಾಕುವರು, ಅಗಿದದ್ದನ್ನು ಉಗಿಯಲು ಮರೆತು ನುಂಗುವರು, ಬರೆದ ಚೀಟಿ ಹರಿದು ಮತ್ತೆ ಬರೆಯುವರು.

ಒಂದು ಸಂಜೆ ನನ್ನನ್ನೂ ಕರೆದುಕೊಂಡು ಮೂಗಮ್ಮನ ಮನೆಗೆ ಹೋದರು. ಹತ್ತು ಸೇರು ರಾಗಿಯ ಚೀಲವನ್ನು ಸೈಕಲ್ಲಿನಿಂದ ಇಳಿಸಿ ಬಾಗಿಲ ಬದಿಗೆ ಇಟ್ಟರು. ಮೂಗಮ್ಮ ಕೂಲಿಗೆ ಶೇಂಗಾ ತಂದು ಸುಲಿಯುತ್ತ ಕೂತಿದ್ದಳು. ಬೆರಳು ಒಡೆದಿದ್ದವು.

"ಇದ್ಯಾಕ್ರಿ?" ಎಂದಳು.

"ಇಟ್ಕಳವ್ವ, ಸುಮ್ನೆ."

"ಸುಮ್ನೆ ಯಾರೂ ರಾಗಿ ಕೊಡಲ್ಲ. ಯಜಮಾನ್ರೇ, ಇಡೀ ಯಾರ್ಡು ಅಂತೈತೆ, ನೀವು ಕೈ ಇಟ್ಟ ಮಾಲು ಕೆಟ್ಟಿದ್ದಿಲ್ಲ ಅಂತ. ಹಂಗಾದ್ರೆ ಕೆಡಿಸಿದ್ದು ನಾನೇ ಅಂತ ನೀವೂ ನಂಬ್ತೀರೇನು? ಅಷ್ಟು ಹೇಳಿ ಹೋಗ್ರಿ."

ಅವರು ಸೈಕಲ್ಲಿನ ಸ್ಟ್ಯಾಂಡ್ ತೆಗೆದರು. ಮೂಗಮ್ಮ ಎದ್ದು ಚೀಲವನ್ನು ತಾನೇ ಸೈಕಲ್ಲಿನ ಕ್ಯಾರಿಯರ್ ಮೇಲೆ ಇಟ್ಟಳು. ದಾರಿಯುದ್ದಕ್ಕೂ ಅವರು ಸೈಕಲ್ ತಳ್ಳಿಕೊಂಡೇ ಬಂದರು. ಹತ್ತಲಿಲ್ಲ.

ಮನೆಯಲ್ಲಿ ಹೆಂಡತಿ ಅನ್ನಪೂರ್ಣಮ್ಮ ನಮಗೆ ಟೀ ಕೊಟ್ಟರು. ಸೋಮಶೇಖರಪ್ಪನವರು ಟೀ ಮುಟ್ಟದೆ, "ನಾಳೆ ಅಮರೇಶಪ್ಪಗೆ ಹೇಳಿಬಿಡ್ತೀನಿ" ಎಂದರು.

ಅನ್ನಪೂರ್ಣಮ್ಮನಿಗೆ ವಿಷಯವೆಲ್ಲ ಗೊತ್ತಿತ್ತು. ಅವರು ಅಡಿಗೆಮನೆಯ ಹೊಸ್ತಿಲಲ್ಲೇ ಕೂತುಬಿಟ್ಟರು. "ಏನಂತ ಹೇಳ್ತೀರಿ? ನಮ್ಮ ಬೀಗ್ರು ಕೆಟ್ಟ ಮಾಲು ಹಾಕಿದ್ರು ಅಂತಾನಾ? ಸಂಜಿ ಒಳಗೆ ಬಿ.ಜಿ. ಕೆರಿಗೆ ಗೊತ್ತಾಗ್ತೈತೆ. ಆಮ್ಯಾಲೆ ನನ್ನ ಮಗಳು ಆ ಮನಿಯಾಗೆ ಹೆಂಗ್ ತಲಿ ಎತ್ತಬೇಕು? ಈಗ ನಾಕು ತಿಂಗಳ ಬಸುರಿ ಅವಳು. ಚೊಚ್ಚಲ ಬಾಣಂತನಕ್ಕೆ ತವರಿಗೆ ಕಳಿಸ್ತಾರಾ ಅವ್ರು? ಕಳಿಸಲ್ಲ. ಮೂಗಮ್ಮಗೆ ಬೇರೆ ಕೆಲಸ ಸಿಗ್ತೈತೆ. ನನಗೆ ಬೇರೆ ಮಗಳು ಸಿಗ್ತಾಳೇನು?" ಎಂದು ಅತ್ತರು. ಸೋಮಶೇಖರಪ್ಪನವರು ಮರುದಿನ ಅಮರೇಶ್ ಹತ್ತಿರ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಸತ್ಯ ಹೇಳಬೇಕೆಂದರೆ, ಅವರು ಹೋಗದೆ ಇದ್ದದ್ದಕ್ಕೆ ನನ್ನ ಎದೆ ಹಗುರಾಗಿತ್ತು. ಅವರು ಬಾಯಿ ಬಿಟ್ಟರೆ ಚೀಟಿ ಬರೆದ ಕೈ ಯಾರದು ಎಂಬ ಪ್ರಶ್ನೆಯೂ ಬರುತ್ತಿತ್ತಲ್ಲ.

ಡಿಸೆಂಬರ್ ಹೋಯಿತು, ಜನವರಿ ಹೋಯಿತು. ಫೆಬ್ರವರಿಯಲ್ಲಿ ಏಳು ತಿಂಗಳಾಗಿ ವಾಣಿಶ್ರೀಯ ಸೀಮಂತ ನಿಶ್ಚಯವಾಯಿತು. ಬರುವ ಸೋಮವಾರ ಶಾಸ್ತ್ರ ಮುಗಿಸಿ ತವರಿಗೆ ಕರೆತರುವುದು ಎಂದಾಗಿತ್ತು. ಅನ್ನಪೂರ್ಣಮ್ಮ ನಡುಮನೆಗೆ ಸುಣ್ಣ ಹೊಡೆಸಿ, ಬಾಣಂತಿಯ ಮಂಚಕ್ಕೆ ಹೊಸ ನವಾರು ಹಾಕಿಸಿ, ಒಣಕೊಬ್ಬರಿ ಬೆಲ್ಲ ತಂದಿಟ್ಟುಕೊಂಡಿದ್ದರು. ಅದಕ್ಕೆ ನಾಲ್ಕು ದಿನ ಮುಂಚೆ, ಗುರುವಾರ, ದೊಡ್ಡೀರಪ್ಪ ಮನೆಯಲ್ಲಿ ಉಳಿಸಿಕೊಂಡಿದ್ದ ಇನ್ನೊಂದು ಟ್ರ್ಯಾಕ್ಟರ್ ಶೇಂಗಾ ಯಾರ್ಡಿಗೆ ತಂದರು. ದರ ಏರಲಿ ಎಂದು ಕಾದಿದ್ದ ಮಾಲು.

ಅದೇ ಮಂಡಿ, ಅದೇ ಜಾಗ. ಬಿ.ಜಿ. ಕೆರೆಯ ಜನವೂ ಇದ್ದರು. ಈ ಸಲ ವೀರೇಶನೂ ಬಂದಿದ್ದ. "ಬೀಗ್ರೇ, ನೋಡ್ರಿ ಮಾಲು" ಎಂದರು ದೊಡ್ಡೀರಪ್ಪ, ಕೈ ಕಟ್ಟಿಕೊಂಡೇ.

ಸೋಮಶೇಖರಪ್ಪನವರು ರಾಶಿಯ ಸುತ್ತ ಒಂದು ಸುತ್ತು ಬಂದರು. ಆಮೇಲೆ ತೋಳಿನ ಗುಂಡಿ ಬಿಚ್ಚಿದರು. ಒಂದು ಮಡಿಕೆ, ಎರಡು ಮಡಿಕೆ, ಮೂರು. ಸುತ್ತ ಇದ್ದವರು ಹತ್ತಿರ ಸರಿದರು. ಅವರು ಕುಕ್ಕರಗಾಲಲ್ಲಿ ಕೂತು ಬೀಗರ ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿದರು. ತಳದಿಂದ ಹಿಡಿ ತೆಗೆದು ಹತ್ತು ಕಾಯಿ ಸುಲಿದರು. ಉಜ್ಜಿದರು. ಕೆಂಪು ಸಿಪ್ಪೆ ಗಾಳಿಗೆ ಹಾರಿಹೋಯಿತು. ಅಗಿದು ನೋಡಿದರು. ಮಾಲು ಚಿನ್ನದಂಥ ಮಾಲು. ಎಲ್ಲೂ ಒಂದು ಹನಿ ತೇವವಿರಲಿಲ್ಲ.

ದೊಡ್ಡೀರಪ್ಪನವರ ಮುಖ ಕಪ್ಪಿಟ್ಟಿತ್ತು. "ಸಿಕ್ತೇನ್ರಿ ಬೀಗ್ರೇ?" ಎಂದರು.

"ಈ ಸಲ ಏನೂ ಇಲ್ರಿ. ಒಳ್ಳೆ ಮಾಲು" ಎಂದು ಸೋಮಶೇಖರಪ್ಪನವರು ಎದ್ದು ನಿಂತರು. ಅಲ್ಲಿಗೇ ಬಿಟ್ಟಿದ್ದರೆ ಹೇಗೋ ಏನೋ. ಬಿಡಲಿಲ್ಲ. "ಹೋದ ಸಲದ್ದು ತಳದಾಗೆ ತೇವ ಇತ್ತು. ನಾನು ಕೈ ಹಾಕಲಿಲ್ಲ. ಹಾಕಬೇಕಾಗಿತ್ತು. ಅದರಿಂದ ಒಬ್ಬ ಹೆಣ್ಮಗಳ ಕೆಲಸ ಹೋಯ್ತು" ಎಂದು ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. ಆಮೇಲೆ ಚೀಟಿ ತೆಗೆದು ದರ ಬರೆದರು. ಆ ದಿನದ ಯಾರ್ಡಿನಲ್ಲೇ ಹೆಚ್ಚಿನ ದರ, ಯಾಕೆಂದರೆ ಮಾಲು ಅಷ್ಟು ಬಾಳುತ್ತಿತ್ತು. ದೊಡ್ಡೀರಪ್ಪ ಆ ಚೀಟಿಯನ್ನು ಅವರ ಕೈಯಿಂದಲೇ ಕಿತ್ತುಕೊಂಡು ಹರಿದು ಹಾಕಿ, ಮಾಲು ಮಾರುವುದಿಲ್ಲವೆಂದು ಚೀಲಕ್ಕೆ ವಾಪಸ್ ತುಂಬಿಸಿದರು. ವೀರೇಶ ಒಂದು ಸಲ ಮಾವನ ಕಡೆ ನೋಡಿದ. ಅಪ್ಪ ಕೆಮ್ಮಿದರು. ಹುಡುಗ ಹೋಗಿ ಟ್ರ್ಯಾಕ್ಟರ್ ಹತ್ತಿದ.

ಸೋಮಶೇಖರಪ್ಪನವರು ನೇರ ಮಿಲ್ಲಿಗೆ ನಡೆದರು. ಅಮರೇಶ್ ಮುಂದೆ ನಿಂತು ಎಲ್ಲವನ್ನೂ ಒಪ್ಪಿಸಿದರು. ಕೈ ಹಾಕದೆ ಕೊಂಡದ್ದು, ಹಮಾಲಿ ಹೇಳಿದ್ದು, ತಾನು ತುಂಬಿ ಎಂದದ್ದು, ಮಾದರಿ ಚೀಲದಲ್ಲಿದ್ದದ್ದು ಮೇಲಿನ ಕಾಯಿ ಎಂಬುದು. ನಾನು ಬಾಗಿಲ ಬಳಿ ರಿಜಿಸ್ಟರ್ ಎದೆಗೆ ಒತ್ತಿಕೊಂಡು ನಿಂತಿದ್ದೆ.

ಅಮರೇಶ್ ಪೆನ್ನು ಕೆಳಗಿಟ್ಟರು. "ಸೋಮಶೇಖರಪ್ಪಾರೇ, ಇದು ಮಿಲ್ಲಿನಲ್ಲಿ ಬೇರೆ ಯಾರಿಗೆ ಗೊತ್ತಿತ್ತು?" ಎಂದು ಕೇಳಿದರು.

"ಯಾರಿಗೂ ಇಲ್ರಿ."

"ಮಾದರಿ ಕಟ್ಟಿದ್ದು ಹಾಲೇಶಪ್ಪ ಅಲ್ವಾ?"

"ಕಟ್ಟಿದ್ದು ಅವನೇ. ಕಾಯಿ ಕೊಟ್ಟಿದ್ದು ನಾನು. ಅವನಿಗೆ ಗೊತ್ತಿರಲಿಲ್ಲ."

ಇಡೀ ಜೀವಮಾನದಲ್ಲಿ ಅವರು ಆಡಿದ ಸುಳ್ಳುಗಳನ್ನು ನಾನು ಬಲ್ಲೆ. ಮೊದಲನೆಯದು ಮಗಳಿಗಾಗಿ. ಇದು ಎರಡನೆಯದು. ನಾನು ಆಗಲೇ ಒಂದು ಹೆಜ್ಜೆ ಮುಂದೆ ಇಟ್ಟು, ಇಲ್ಲ ಸ್ವಾಮಿ, ನನಗೂ ಗೊತ್ತಿತ್ತು ಎನ್ನಬಹುದಿತ್ತು. ನಾಲ್ಕೇ ಮಾತು. ಮನೆಯಲ್ಲಿ ಮೂರು ಹೆಣ್ಣುಮಕ್ಕಳಿದ್ದವು, ಬಾಡಿಗೆ ಮನೆ ಇತ್ತು, ಇನ್ನೂ ಏನೇನೋ ಇದ್ದವು. ಎಲ್ಲವನ್ನೂ ಆ ಗಳಿಗೆಯಲ್ಲಿ ನೆನಪು ಮಾಡಿಕೊಂಡೆ. ಬಾಯಿ ತೆರೆಯಲಿಲ್ಲ.

ಅಮರೇಶ್ ಅವರನ್ನು ಕೆಲಸದಿಂದ ತೆಗೆದರು. ಮರ್ಯಾದೆಯಿಂದಲೇ ತೆಗೆದರು, ಶಾಲು ಹೊದಿಸಲಿಲ್ಲ ಅಷ್ಟೇ. ಮೂಗಮ್ಮನನ್ನು ಕರೆಸಿ ಕೀಲಿ ಕೊಟ್ಟರು. ಅವಳು ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಕಿಟಕಿ ಹಾಕಿದ್ದೆ ಅಂತ ಅವತ್ತೇ ಹೇಳಿದ್ನಲ್ಲ" ಎಂದಷ್ಟೇ ಹೇಳಿ ಪೊರಕೆ ತೆಗೆದುಕೊಂಡಳು. ಖರೀದಿಯ ಕೆಲಸ ನನಗೆ ಬಂತು. ಸಂಬಳ ಆರುನೂರು ಹೆಚ್ಚಾಯಿತು. ನಾನು ತೋಳು ಮಡಚಿಕೊಂಡು ಯಾರ್ಡಿಗೆ ಹೋಗತೊಡಗಿದೆ.

ಸೋಮವಾರ ಬಿ.ಜಿ. ಕೆರೆಯಿಂದ ವಾಣಿಶ್ರೀ ಬರಲಿಲ್ಲ. ಸೀಮಂತವನ್ನು ಅವರವರೇ ಮಾಡಿಕೊಂಡರು. ತವರಿನವರಿಗೆ ಹೇಳಿಕಳಿಸಲಿಲ್ಲ. ಅನ್ನಪೂರ್ಣಮ್ಮ ಹೊಸ ನವಾರಿನ ಮಂಚವನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರು. ಗಂಡನ ಜೊತೆ ಮಾತು ಬಿಟ್ಟರು. ತಟ್ಟೆ ಇಡುವರು, ನೀರು ಇಡುವರು, ಮಾತಿಲ್ಲ. ಆ ಮನೆಗೆ ಹೋಗಿ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಹೋಗುವುದನ್ನೂ ಕಡಿಮೆ ಮಾಡಿದೆ.

ಯಾರ್ಡಿನಲ್ಲಿ ಆದ ಮಾತು ದೂರ ಹೋಗಿತ್ತು. ಮೊಳಕಾಲ್ಮೂರಿನ ನೇಕಾರರ ಸಂಘವೊಂದರಿಂದ ಚಿತ್ತಯ್ಯ ಎಂಬ ಹಿರಿಯರು ಅವರನ್ನು ಹುಡುಕಿಕೊಂಡು ಬಂದಿದ್ದರು. ಸಂಘಕ್ಕೆ ರೇಷ್ಮೆ ನೂಲು, ಜರಿ ಕೊಂಡು ತರುವವನು ಬೇಕಾಗಿದ್ದ. ನಂಬಿಕಸ್ಥ ಮನುಷ್ಯ ಸಿಕ್ಕರೆ ಸಾಕೆಂದು ತೆಲುಗು ಬೆರೆಸಿದ ಕನ್ನಡದಲ್ಲಿ ಒತ್ತಾಯ ಮಾಡಿದರು. ಸೋಮಶೇಖರಪ್ಪನವರು ಕೈ ಮುಗಿದು, "ನನ್ನ ಕೈಗೆ ರೇಷ್ಮೆ ಗೊತ್ತಿಲ್ರಿ. ಗೊತ್ತಿಲ್ಲದ ಮಾಲು ಕೊಂಡ್ರೆ ನಿಮ್ಮ ಮಗ್ಗದೋರಿಗೆ ಮೋಸ ಆಗ್ತೈತೆ" ಎಂದು ಕಳಿಸಿಬಿಟ್ಟರು. ಐವತ್ತಮೂರನೆಯ ವಯಸ್ಸಿನಲ್ಲಿ ಒಂದು ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಕೆಲಸಕ್ಕೆ ಸೇರಿಕೊಂಡರು.

ಏಪ್ರಿಲ್ ಕೊನೆಯಲ್ಲಿ ವಾಣಿಶ್ರೀಗೆ ಗಂಡುಮಗು ಆಯಿತೆಂದು ಯಾರೋ ಬಸ್ಸಿನವರು ಹೇಳಿದರು. ಬೀಗರ ಮನೆಯಿಂದ ಸುದ್ದಿ ಬರಲಿಲ್ಲ. ಮೂರು ತಿಂಗಳು ಕಾದು, ಜುಲೈನ ಒಂದು ದಿನ ಸೋಮಶೇಖರಪ್ಪನವರು ತಾವೇ ಬಿ.ಜಿ. ಕೆರೆಗೆ ಹೋಗಿಬಂದರು. ಅನ್ನಪೂರ್ಣಮ್ಮ ಹೋಗಲಿಲ್ಲ. ಕರೆಯದ ಮನೆಗೆ ಹೇಗೆ ಹೋಗುವುದು ಎಂದರಂತೆ. ವಾಪಸ್ ಬಂದು ಬಸ್ ಇಳಿದಾಗ ನಾನು ಅಲ್ಲೇ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿದ್ದೆ. ನೋಡಿ ಮುಖ ತಿರುಗಿಸಲು ಆಗಲಿಲ್ಲ. ಕರೆದು ಕೂರಿಸಿ ಟೀ ಹೇಳಿದೆ. ಅಂದು ಟೀ ಕುಡಿದರು.

"ಜಗಲಿ ಮ್ಯಾಲೇ ಕೂರಿಸಿದ್ರು ಕಣೋ ಹಾಲೇಶ. ಒಳಗೆ ಬರ್ರಿ ಅನ್ನಲಿಲ್ಲ. ವಾಣಿ ಬಾಗಿಲತಾವ ನಿಂತು ಅಳ್ತಿದ್ಲು" ಎಂದರು.

"ಕೂಸು ತೋರಿಸಿದ್ರಾ ಅಣ್ಣಾ?"

"ತೋರಿಸಿದ್ರು. ದೊಡ್ಡೀರಪ್ನೋರೇ ಎತ್ಕಂಡು ಬಂದ್ರು. ಊರ ಜನ ಏಳೆಂಟು ಮಂದಿ ಕೂತಿದ್ರು. ನನ್ನ ಮುಂದೆ ಹಿಡಿದು, 'ನೋಡ್ಕಳ್ರಿ ಬೀಗ್ರೇ, ಕೈ ಹಾಕಿ ನೋಡ್ಕಳ್ರಿ. ಮ್ಯಾಲೊಂದು ತಳಕ್ಕೊಂದು ಇಲ್ಲ' ಅಂದ್ರು. ಎಲ್ಲ ನಕ್ಕರು."

ನನಗೆ ಮೈ ಉರಿಯಿತು. ಆ ಮೀಸೆಯವನನ್ನು ಅಲ್ಲೇ ಎಳೆದು ಹಾಕಬೇಕೆನ್ನಿಸಿತು. "ನೀವೇನಂದ್ರಿ?" ಎಂದೆ.

"ಏನಂತೀನೋ? ಎರಡೂ ಕೈ ಚಾಚಿ ಇಸ್ಕಂಡೆ. ಹೊಟ್ಟೆ ತುಂಬ ಹಾಲು ಕುಡಿದು ಮಲಗಿತ್ತು. ಬೆಚ್ಚಗಿತ್ತು. ವಾಣಿ ಸಣ್ಣವಳಿದ್ದಾಗ ಹಿಂಗೇ ಇದ್ಲು." ಅವರು ಎರಡೂ ಅಂಗೈಯನ್ನು ಮೇಜಿನ ಮೇಲೆ ಮಗುಚಿಟ್ಟುಕೊಂಡು ಅವನ್ನೇ ನೋಡುತ್ತ ಕೂತರು. ಆಮೇಲೆ, "ಮೂಗಮ್ಮ ಹೆಂಗಿದಾಳೆ?" ಎಂದು ಕೇಳಿದರು. ಚೆನ್ನಾಗಿದ್ದಾಳೆ ಎಂದೆ. "ನೀನು?" ಎಂದರು. ನಾನು ಟೀ ಲೋಟ ತಿರುಗಿಸುತ್ತ, ನಾಳೆ ಅಮರೇಶ್‌ಗೆ ಹೇಳಿಬಿಡುತ್ತೇನೆ ಅಣ್ಣಾ, ಚೀಟಿ ಬರೆದದ್ದು ಗೊತ್ತಿದ್ದೇ ಎಂದು, ಎಂದೆ. ಅವರು ಟೀ ಲೋಟ ಖಾಲಿ ಮಾಡಿ ಎದ್ದರು. ಛತ್ರಿ ತೆಗೆದುಕೊಂಡು ಮನೆಯ ಕಡೆ ಹೊರಟರು.

ನಾನು ಮರುದಿನ ಹೇಳಲಿಲ್ಲ. ಆಮೇಲೆ ಏಳು ಸೀಸನ್ ಆ ಮಿಲ್ಲಿಗೆ ಶೇಂಗಾ ಕೊಂಡೆ, ಮೂರೂ ಹೆಣ್ಣುಮಕ್ಕಳ ಮದುವೆ ಮಾಡಿದೆ, ಆಗಲೂ ಹೇಳಲಿಲ್ಲ. ಸೋಮಶೇಖರಪ್ಪನವರು ಎರಡು ಸಾವಿರದ ನಾಲ್ಕರಲ್ಲಿ ತೀರಿಕೊಂಡರು. ಮಣ್ಣು ಮಾಡುವಾಗ ಅಮರೇಶ್ ನನ್ನ ಪಕ್ಕದಲ್ಲೇ ನಿಂತು, "ಒಬ್ಬರೇ ಮಾಡಿ ಒಬ್ಬರೇ ಅನುಭವಿಸಿದರು" ಎಂದರು. ನಾನು ಹೂಂ ಅಂದೆ. ಈಗ ಇಷ್ಟನ್ನೂ ಬರೆದಿದ್ದೇನೆ. ಇದರ ಮೊದಲ ಪ್ರತಿಯನ್ನು ನಾಳೆ ನಾನೇ ಮಿಲ್ಲಿಗೆ ತೆಗೆದುಕೊಂಡು ಹೋಗಿ ಅಮರೇಶ್ ಕೈಗೆ ಕೊಡುತ್ತೇನೆ.